ನಾಳೆ ಮಾಸ್ಟರ್ ಮರದ ನೆಲ ಹಾಕಿಸಿದ್ದು

ಬೀದಿಯವರು ಅವರಿಗೆ ನಾಳೆ ಮಾಸ್ಟರ್ ಎಂದು ಹೆಸರಿಟ್ಟು ಮೂವತ್ತು ವರ್ಷ ದಾಟಿತ್ತು. ಆ ಹೆಸರನ್ನು ಅವರು ಬೆವರು ಸುರಿಸಿಯೇ ಸಂಪಾದಿಸಿದ್ದರು. ಪ್ಯಾಂಟು ಕೊಟ್ಟವನು ಸೋಮವಾರ ಬಂದರೆ "ನಾಳೆ ಬನ್ನಿ", ಮಂಗಳವಾರ ಬಂದರೆ "ಇಸ್ತ್ರಿ ಒಂದು ಬಾಕಿ, ನಾಳೆ ಬನ್ನಿ", ಗುರುವಾರ ಬಂದು ಕೂಗಾಡಿದರೆ "ನಿನ್ನೆ ಯಾಕ್ರೀ ಬರ್ಲಿಲ್ಲ? ರೆಡಿ ಇಟ್ಕೊಂಡು ಕಾಯ್ತಾ ಇದ್ದೆ." ಈ ಕೊನೆಯ ಮಾತಿಗೆ ಎದುರು ಹೇಳುವ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ಒಬ್ಬ ಮದುಮಗ ಅಣ್ಣನ ಕೋಟು ತೊಟ್ಟು ಮದುವೆಯಾದನೆಂದೂ, ಮಾಸ್ಟರ್ ಹೊಲಿದ ಕೋಟು ಅವನ ಮೊದಲ ಮಗುವಿಗೆ ಹಲ್ಲು ಬರುವ ಹೊತ್ತಿಗೆ ಕೈ ಸೇರಿತೆಂದೂ ಜನ ಹೇಳುತ್ತಾರೆ. ಜನ ಒಂದಕ್ಕೆರಡು ಸೇರಿಸುತ್ತಾರೆ, ಬಿಡಿ. ಮಗು ಆಗಿನ್ನೂ ಹೊಟ್ಟೆಯಲ್ಲಿತ್ತು.

ಅಂಗಡಿ ಎಂದರೆ ಬೇರೇನಲ್ಲ, ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್, ಪಕ್ಕಕ್ಕೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಹ್ಯಾಂಗರುಗಳು, ಮೂಲೆಯಲ್ಲಿ ಟ್ರಯಲ್ ನೋಡುವವರಿಗಾಗಿ ಒಂದು ಪರದೆ. ಆ ಪರದೆ ಮೊಣಕಾಲಿನವರೆಗೆ ಮಾತ್ರ ಇಳಿಯುತ್ತಿತ್ತು. ಊರಿಗೆಲ್ಲ ಅಳತೆ ತೆಗೆದ ಮನುಷ್ಯ ಸ್ವಂತದ ಪರದೆಗೆ ಕಣ್ಣಂದಾಜಿನಲ್ಲೇ ಕತ್ತರಿ ಹಾಕಿದ್ದರು. ನೆಲ ಸಿಮೆಂಟಿನದು. ಅದರ ಬಣ್ಣ ಯಾವುದಿತ್ತೆಂದು ಈಗ ಯಾರಿಗೂ ನೆನಪಿಲ್ಲ. ಅದರ ಮೇಲೆ ಸದಾ ಚಿಂದಿ, ದಾರ, ಸೀಮೆಸುಣ್ಣದ ಪುಡಿ ಹರಡಿರುತ್ತಿತ್ತು, ನಡುವೆ ಗುಂಡುಸೂಜಿಗಳು ಬರಿಗಾಲಿನವರಿಗಾಗಿ ಕಾದಿರುತ್ತಿದ್ದವು. ಮನೆಗೆ ಬಂದ ನೆಂಟರು ಈ ರಣರಂಗ ದಾಟಿ ಅಡುಗೆಮನೆಗೆ ಬಂದು ಕೂರಬೇಕು. ದಾಟುವಾಗ ಪರದೆಯ ಹಿಂದೆ ಯಾವನೋ ಒಬ್ಬ ಒಂಟಿಕಾಲಲ್ಲಿ ನಿಂತು ಪ್ಯಾಂಟಿನ ಜೊತೆ ಗುದ್ದಾಡುತ್ತಿರುತ್ತಾನೆ. ಅವನಿಗೂ ನಾಚಿಕೆ, ಇವರಿಗೂ ನಾಚಿಕೆ. ನಾಚಿಕೆ ಇಲ್ಲದವರು ಮಾಸ್ಟರ್ ಒಬ್ಬರೇ.

ಹೀಗಿರುವಾಗ ಒಂದು ಭಾನುವಾರ ಮಾಸ್ಟರ ಹೆಂಡತಿ ತಮ್ಮನ ಮನೆಗೆ ಹೋಗಿ ಬಂದವರು, ಚಪ್ಪಲಿ ಬಿಡುತ್ತಲೇ ಹೇಳಿದರು:

"ರೀ, ಮುಂದಿನ ಕೋಣೆಗೆ ಮರದ ನೆಲ ಹಾಕ್ಸೋಣ. ನನ್ನ ತಮ್ಮ ಹಾಕ್ಸಿದ್ದಾನೆ. ಕಾಲಿಟ್ರೆ ಬೆಚ್ಚಗೆ, ಎಷ್ಟು ಚೆನ್ನಾಗಿದೆ ಅಂತೀರಾ!"

"ಹಾಕ್ಸೋಣ ಬಿಡು. ನಾಳೆ ಮಾತಾಡೋಣ."

"ನಾನೇನು ನಿಮ್ಮ ಗಿರಾಕಿನಾ? ಈಗಲೇ ಹೇಳಿ. ಖರ್ಚು ನಂದು, ನಮ್ಮಮ್ಮನ ಮನೆ ಪಾಲು ಬಂದಿದೆ. ಆದ್ರೆ ಒಂದು ಮಾತು. ಮರದ ನೆಲದ ಮೇಲೆ ನಿಮ್ಮ ಮೆಷಿನ್ ಇಡೋ ಹಾಗಿಲ್ಲ. ಆ ಕಬ್ಬಿಣದ ಕಾಲು ಹಲಗೆನ ಹಾಳು ಮಾಡಿಬಿಡುತ್ತೆ. ನೆಲ ಬಂದ ದಿನ ಅಂಗಡಿ ಬಂದ್. ಒಪ್ಪಿಗೆನಾ?"

"ಆಗಲಿ" ಎಂದರು ಮಾಸ್ಟರ್.

ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಆಕೆಗೇ ಅನುಮಾನ ಬಂತು. 'ಇಲ್ಲ' ಅಂದರೆ ಆ ಕ್ಷಣವೇ ಜಗಳ, 'ಆಗಲಿ' ಅಂದರೆ ಆರು ತಿಂಗಳು ನೆಮ್ಮದಿ. ನಲವತ್ತು ವರ್ಷ ಗಿರಾಕಿಗಳನ್ನು ಸಾಕಿದ ಮನುಷ್ಯನಿಗೆ ಇಷ್ಟೂ ತಿಳಿಯದೆ? ಆದರೆ ಮೆಷಿನ್ ಮುಂದೆ ಕೂತರೆ ಅವರು ಮಾಸ್ಟರ್. ಎದ್ದು ಬೀದಿಗಿಳಿದರೆ ದಪ್ಪ ಕನ್ನಡಕದ ಒಬ್ಬ ಮುದುಕ, ಅಂಥವರು ಅದೇ ಬೀದಿಯಲ್ಲಿ ಹನ್ನೆರಡು ಜನ ಇದ್ದರು. ಈಗ ಹೊಸ ಕೋಟು ಹೊಲಿಸುವವರು ಯಾರೂ ಇಲ್ಲ, ನಿಜ. ಬರುವುದೆಲ್ಲ ಉದ್ದ ಕಡಿಮೆ ಮಾಡುವ ಪ್ಯಾಂಟು, ಸೊಂಟ ಸಡಿಲಿಸುವ ಪ್ಯಾಂಟು, ಜಿಪ್ ಕೆಟ್ಟ ಪ್ಯಾಂಟು. ಆದರೂ ಬರುತ್ತಿದ್ದವಲ್ಲ! ಬರುವ ತನಕ ಅಂಗಡಿ ಅಂಗಡಿಯೇ. ಆ ಕೋಣೆ ಕೈತಪ್ಪುವುದೆಂದರೆ ಅವರಿಗೆ ಬೇಜಾರಲ್ಲ, ಭಯ. ಆದ್ದರಿಂದ ನೆಲ ಬೇಡ ಎನ್ನದೆ, ಮಹಾ ಉತ್ಸಾಹದಿಂದ ನೆಲ ಆರಿಸಲು ಹೊರಟರು.

ಮರದ ನೆಲ ಮಾರುವ ಅಂಗಡಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ನಗುನಗುತ್ತ ಮಾತಾಡುವವಳು, ಪಾಪ. ಮೊದಲ ದಿನ "ಬನ್ನಿ ಸರ್, ಕೂತ್ಕೊಳ್ಳಿ" ಅಂದಳು. ಮೂರನೇ ಭೇಟಿಗೆ ಕುಡಿಯಲು ನೀರು ಕೊಟ್ಟಳು. ಏಳನೇ ಭೇಟಿಯ ಹೊತ್ತಿಗೆ, ಮಾಸ್ಟರ್ ಬಾಗಿಲಲ್ಲಿ ಕಂಡ ತಕ್ಷಣ ಫೋನನ್ನು ಕಿವಿಗಿಟ್ಟು ಆ ಕಡೆ ಯಾರೂ ಇಲ್ಲದಿದ್ದರೂ ಮಾತಾಡಲು ಕಲಿತಿದ್ದಳು.

ತಪ್ಪು ಅವಳದಲ್ಲ. ಮಾಸ್ಟರ್ ಹಲಗೆಯನ್ನು ಸೂಟಿನ ಬಟ್ಟೆ ನೋಡಿದ ಹಾಗೆ ನೋಡುತ್ತಿದ್ದರು. ಮೊದಲು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜಬೇಕು. ಬೆರಳಿನಷ್ಟು ದಪ್ಪದ ಮರ ಹಾಗೆ ಉಜ್ಜಲು ಸಿಗುವುದಿಲ್ಲ, ಆದರೂ ಉಜ್ಜಿದರು. ಆಮೇಲೆ ಬೆಳಕಿಗೆ ಹಿಡಿಯಬೇಕು. ಮರದಾಚೆ ಏನೂ ಕಾಣಲಿಲ್ಲ. "ನೇಯ್ಗೆ ಗಟ್ಟಿ ಇದೆ" ಎಂದು ತಲೆಯಾಡಿಸಿದರು.

"ಬಣ್ಣ ಬಿಡುತ್ತಾ?"

"ಇಲ್ಲ ಸರ್, ಇದು ಓಕ್ ಮರ. ಬಣ್ಣ ಮರದ್ದೇ."

"ಎಲ್ಲಾರೂ ಹಂಗೇ ಹೇಳೋದು. ಮೊದಲನೇ ಸಲ ಒಗೆದಾಗ ಗೊತ್ತಾಗುತ್ತೆ."

"ಸರ್, ನೆಲ ಯಾರೂ ಒಗೆಯಲ್ಲ..."

"ಸರಿ, ಈ ಗೆರೆ ನೋಡಮ್ಮ. ಈ ಹಲಗೆ ಗೆರೆ ಪಕ್ಕದ ಹಲಗೆ ಗೆರೆಗೆ ಕೂಡ್ಬೇಕೋ ಬೇಡ್ವೋ? ಚೌಕಳಿ ಬಟ್ಟೆಗೆ ಜೇಬು ಇಡುವಾಗ ಗೆರೆ ತಪ್ಪಿದ್ರೆ ಗಿರಾಕಿ ಮುಖಕ್ಕೆ ಎಸೀತಾನೆ, ಗೊತ್ತಾ?"

ಮರ ಬೆಳೆಯುವಾಗ ಯಾರ ಜೇಬನ್ನೂ ಮನಸ್ಸಿನಲ್ಲಿಟ್ಟುಕೊಂಡು ಬೆಳೆಯುವುದಿಲ್ಲ ಎಂಬುದನ್ನು ಆ ಹುಡುಗಿ ಎಷ್ಟು ಬಗೆಯಲ್ಲಿ ಹೇಳಿದರೂ ಮಾಸ್ಟರ್ ಕೇಳಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ತೇಗ ತೋರಿಸಿದರೆ ಕಪ್ಪಾಯಿತು. ಮೇಪಲ್ ತೋರಿಸಿದರೆ ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿದೆ. ವಾಲ್‌ನಟ್ ತೋರಿಸಿದರೆ "ಸಾವಿನ ಮನೆಗೆ ಹಾಕ್ಕೊಂಡು ಹೋಗೋ ಕೋಟಿನ ಬಣ್ಣ ಇದು" ಎಂದರು. ಬೇಡವೆಂದ ಎಲ್ಲದರದ್ದೂ ಒಂದೊಂದು ಗೇಣುದ್ದದ ತುಂಡು ಕೇಳಿ ಪಡೆದು ಮನೆಗೆ ತಂದು, ದಾರ ಕಟ್ಟಿ, ಹ್ಯಾಂಗರುಗಳಿಗೆ ನೇತುಹಾಕಿದರು. ಹದಿನಾರು ತುಂಡು. ಬೆಳಗಿನ ಬೆಳಕಿನಲ್ಲೊಮ್ಮೆ, ಮಧ್ಯಾಹ್ನದ ಬೆಳಕಿನಲ್ಲೊಮ್ಮೆ ಕತ್ತು ಓರೆ ಮಾಡಿ ನೋಡುವುದು. ಪ್ಯಾಂಟಿಗೆಂದು ಬಂದವರನ್ನೆಲ್ಲ ನಿಲ್ಲಿಸಿ ಅಭಿಪ್ರಾಯ ಕೇಳುವುದು. ಹತ್ತು ಜನ ಹತ್ತು ಮಾತು ಹೇಳುತ್ತಿದ್ದರು. ಅದೇ ತಾನೇ ಅವರಿಗೆ ಬೇಕಾಗಿದ್ದದ್ದು? ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಮಾಸ್ಟರಿಗೆ ಹೀಗೆ ಐದು ತಿಂಗಳ ಆಯಸ್ಸು ಸಿಕ್ಕಿತು.

ಆರನೇ ತಿಂಗಳು ಮಾಸ್ಟರ ಹೆಂಡತಿ ಒಬ್ಬರೇ ಹೋದರು. ಅಂಗಡಿಯೊಳಗೆ ಕಾಲಿಟ್ಟು, ಗೋಡೆಗೆ ಒರಗಿಸಿದ್ದ ಒಂದು ಓಕ್ ಹಲಗೆಯ ಮೇಲೆ ಕೈಯಾಡಿಸಿ, "ಇದು" ಎಂದರು. ಎರಡು ನಿಮಿಷ ಹಿಡಿಯಿತು. ಯಾರ ಮನೆಗೆ ಎಂದು ವಿಳಾಸ ಬರೆದುಕೊಳ್ಳುವಾಗ ಆ ಹುಡುಗಿಗೆ ಅಳುವೇ ಬಂತಂತೆ.

ಮರ ಬರುವ ಮೊದಲು ನೆಲ ಹಾಕುವವನು ಕೋಣೆ ನೋಡಲು ಬಂದ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆ ಇರುವವರೆಂದರೆ ಮಾಸ್ಟರಿಗೆ ಆಗದು. ಮಾತಿಗೆ ಸಿಕ್ಕದವನನ್ನು ನಾಳೆಗೆ ತಳ್ಳುವುದು ಹೇಗೆ? ಅವನು ಉದ್ದನೆಯ ಮಟ್ಟಗೋಲನ್ನು ಸಿಮೆಂಟಿನ ಮೇಲೆ ಅಲ್ಲಲ್ಲಿ ಇಟ್ಟು, ಬಗ್ಗಿ ನೋಡಿ, "ನೆಲ ಡೊಂಕು" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಕುಣಿಯುವವರು ಯಾರೂ ಇರಲಿಲ್ಲ, ನೆಲ ಮಾತ್ರ ನಿಜಕ್ಕೂ ಡೊಂಕಾಗಿತ್ತು. ಮಾಸ್ಟರ ಕುರ್ಚಿ ಇದ್ದ ಜಾಗದಲ್ಲಿ ಸಿಮೆಂಟು ಸವೆದು ಅಂಗೈಯಷ್ಟು ಗುಂಡಿಗಳು ಬಿದ್ದಿದ್ದವು.

ಮಾಸ್ಟರ ಮುಖ ಅರಳಿತು. "ಅಯ್ಯೋ, ಹಾಗಾದ್ರೆ ಹಾಕೋಕಾಗಲ್ಲ ಅನ್ನಿ!"

"ಆಗುತ್ತೆ. ಒಂದು ಗಂಟೆ ಕೆಲಸ" ಎಂದು ಅವನು ಬಕೆಟ್ಟಿನಲ್ಲಿ ಗಾರೆ ಕಲಸಿ, ಕರಣೆಯಿಂದ ಸವರಿ, ನಲವತ್ತು ವರ್ಷ ಸವೆದದ್ದನ್ನು ನಲವತ್ತು ನಿಮಿಷದಲ್ಲಿ ತುಂಬಿಸಿಬಿಟ್ಟ. ಗಾರೆ ಪೂರ್ತಿ ಒಣಗಿದ ಮೇಲೆ ಮತ್ತೆ ಬಂದು, ಗಾಜಿನಂತೆ ಹೊಳೆಯುವ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿದ. ಕೆಳಗಿನಿಂದ ತೇವ ಬರುತ್ತಿದ್ದರೆ ಒಂದು ದಿನದಲ್ಲಿ ಹಾಳೆಯ ಒಳಮೈಗೆ ನೀರ ಹನಿ ಕಟ್ಟುತ್ತದೆ, ಹನಿ ಕಂಡರೆ ಮರ ಹಾಕುವಂತಿಲ್ಲ ಎಂದು ಹೇಳಿ ಹೋದ. ಅದೊಂದು ದಿನ ಮಾಸ್ಟರ್ ಊಟಕ್ಕೆ ಕೂತರೂ ಕೈ ತೊಳೆಯುವ ಮೊದಲೇ ಎದ್ದು ಬಂದು ನೋಡುತ್ತಿದ್ದರು. ಜನ್ಮದಲ್ಲಿ ಯಾರ ಮುಂದೆಯೂ ಬಗ್ಗದ ಮನುಷ್ಯ ಒಂದು ಪ್ಲಾಸ್ಟಿಕ್ ಹಾಳೆಯ ಮುಂದೆ ಮಂಡಿಯೂರಿ ಒಂದು ಹನಿ ನೀರಿಗಾಗಿ ಬೇಡಿಕೊಂಡರು. ಹಾಳೆ ಒಣಕಲಾಗಿಯೇ ಇತ್ತು. ಮರುದಿನ ನೆಲದವನು ಬಂದು ಹಾಳೆ ಕಿತ್ತು, ನೆಲ ಎತ್ತರವಾದಾಗ ತಾಗದಂತೆ ಬಾಗಿಲಿನ ಕೆಳಅಂಚನ್ನು ಉಜ್ಜುಗೊರಡಿನಿಂದ ಹೆರೆದು, "ಮರ ತರ್ಬಹುದು" ಎಂದ.

ಬಂದವು ಇಪ್ಪತ್ತೆಂಟು ಪೆಟ್ಟಿಗೆ. ಮೆಷಿನ್ ಇನ್ನೂ ಕಿಟಕಿಯ ಕೆಳಗೇ ಇತ್ತು. ಅದರ ಸುತ್ತ ಪೆಟ್ಟಿಗೆಗಳು ಮುತ್ತಿಗೆ ಹಾಕಿದವು.

"ಪೆಟ್ಟಿಗೆ ಬಾಯಿ ತೆಗೆದು ಹನ್ನೆರಡು ದಿನ ಇದೇ ಕೋಣೇಲಿ ಬಿಡಿ" ಎಂದ ನೆಲದವನು. "ಮರ ಮನೆ ಗಾಳಿಗೆ ಒಗ್ಗಬೇಕು. ಹಿಗ್ಗೋದು ಕುಗ್ಗೋದು ಎಲ್ಲ ಈಗಲೇ ಆಗಿಬಿಡಬೇಕು. ಆಮೇಲೆ ಜೋಡಿಸ್ತೀನಿ. ಅಲ್ಲೀತನಕ ಯಾರೂ ಮುಟ್ಟಬೇಡಿ."

ಕುಗ್ಗೋದು! ಆರು ತಿಂಗಳಲ್ಲಿ ಮೊಟ್ಟಮೊದಲ ಬಾರಿಗೆ ಮಾಸ್ಟರಿಗೆ ಅರ್ಥವಾಗುವ ಮಾತು ಕಿವಿಗೆ ಬಿತ್ತು. ಕುಗ್ಗುವುದರ ಬಗ್ಗೆ ಅವರಿಗೆ ಪಾಠ ಹೇಳುವವರು ಯಾರಿದ್ದಾರೆ? ಹೊಸ ಬಟ್ಟೆಗೆ ಮೊದಲು ನೀರು, ಆಮೇಲೆ ಕತ್ತರಿ. ನೀರು ಕಾಣಿಸದೆ ಹೊಲಿದ ಪ್ಯಾಂಟು ಮೊದಲ ಸಲ ಒಗೆದಾಗಲೇ ಕಣಕಾಲಿಗೆ ಏರುತ್ತದೆ. ಈ ನೆಲದವನು ಬರಿ ಗಾಳಿಗೆ ಬಿಡಿ ಎನ್ನುತ್ತಾನೆ. ಅರ್ಧ ವಿದ್ಯೆಯವನು, ಪಾಪ, ಅವನ ಗುರು ಪೂರ್ತಿ ಹೇಳಿಕೊಟ್ಟಿಲ್ಲ. ಮೂರನೇ ದಿನ ಹೆಂಡತಿ ತಮ್ಮ ಅಕ್ಕನ ಮೊಣಕಾಲಿನ ಆಪರೇಷನ್ನಿಗೆಂದು ಐದು ದಿನ ಹೋದರು. ಹೊರಡುವಾಗ "ಊಟ ಹೊತ್ತಿಗೆ ಸರಿಯಾಗಿ ಮಾಡಿ, ಪೆಟ್ಟಿಗೆ ತಂಟೆಗೆ ಹೋಗಬೇಡಿ" ಎಂದು ಎರಡು ಮಾತು ಹೇಳಿದರು. ಮಾಸ್ಟರ್ ಒಂದನ್ನಾದರೂ ಪಾಲಿಸಬಹುದಿತ್ತು.

ಮೇಜಿನ ಮೇಲೆ ನಾಲ್ಕು ಹಲಗೆ ಹಾಸಿದರು. ನೀರು ಚಿಮುಕಿಸಿದರು. ಹಳೇ ಪಂಚೆ ನೆನೆಸಿ, ಹಿಂಡಿ, ಹಲಗೆಗಳ ಮೇಲೆ ಸುಕ್ಕಿಲ್ಲದಂತೆ ಹೊದಿಸಿದರು. ಕೋಟಿನ ಭುಜ ಕೂರಿಸಲು ಬಳಸುತ್ತಿದ್ದ ದೊಡ್ಡ ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿದರು. ಚುಸ್ಸೆಂದು ಹಬೆ ಎದ್ದಿತು. ಎಷ್ಟೋ ವರ್ಷದ ಮೇಲೆ ಆ ಕೋಣೆಯಲ್ಲಿ ಹಾಗೆ ಹಬೆ ಎದ್ದದ್ದು! ಮಾಸ್ಟರ್ ಬೆನ್ನು ನೆಟ್ಟಗೆ ಮಾಡಿಕೊಂಡು, ಕನ್ನಡಕದ ಮಂಜು ಒರೆಸಿಕೊಂಡು, ಇನ್ನೂ ನಾಲ್ಕು ಹಲಗೆ ತೆಗೆದರು. ಅಷ್ಟು ಖುಷಿಯಾಗಿ ಅವರು ಕೆಲಸ ಮಾಡಿ ಬಹಳ ಕಾಲವಾಗಿತ್ತು. ದಿನಕ್ಕೆ ಒಂದು ಪೆಟ್ಟಿಗೆ, ಒಂದು ದಿನ ಹುಮ್ಮಸ್ಸಿಗೆ ಎರಡು. ಮುಗಿಸಿದ್ದನ್ನು ನೀಟಾಗಿ ಮತ್ತೆ ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

ಹದಿಮೂರನೇ ದಿನ ಬೆಳಗ್ಗೆ ನೆಲದವನು ಬಂದ. ಆಕೆ ಊರಿಂದ ಬಂದು ಐದು ದಿನವಾಗಿತ್ತು, ಸೀಮೆಸುಣ್ಣದ ಗುರುತು ನೋಡಿ ಅಂಗಡಿಯವರದೇನೋ ಅಂದುಕೊಂಡಿದ್ದರು. ಅವನು ಗುರುತಿನ ಪೆಟ್ಟಿಗೆಯೊಂದರಿಂದ ಹಲಗೆ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದ. ಇನ್ನೊಂದು ಎತ್ತಿದ. ಮೂರನೆಯದನ್ನು ನೆಲದ ಮೇಲಿಟ್ಟ. ಅದು ದೋಣಿಯ ಹಾಗೆ ಅತ್ತಿಂದಿತ್ತ ತೂಗಾಡಿತು. ತೇವ ಅಳೆಯುವ ಮೀಟರನ್ನು ಒತ್ತಿದ, ಮೀಟರ್ ಕಿರುಚಿಕೊಂಡಿತು.

"ಇದಕ್ಕೆ ನೀರು ಹಾಕಿದ್ಯಾರು?"

"ನೀರು ಅಂದ್ರೆ... ಹಾಗೇನಿಲ್ಲ. ಚಿಮುಕಿಸಿ, ಇಸ್ತ್ರಿ ಮಾಡಿದೆ" ಎಂದರು ಮಾಸ್ಟರ್.

ನೆಲದವನು ಮಾಸ್ಟರ ಮುಖ ನೋಡಿದ, ಇಸ್ತ್ರಿಪೆಟ್ಟಿಗೆ ನೋಡಿದ, ಮತ್ತೆ ಮಾಸ್ಟರ ಮುಖ ನೋಡಿದ. ಇಪ್ಪತ್ತೈದು ವರ್ಷದಲ್ಲಿ ನೆಲಕ್ಕೆ ಹಾಲು ಚೆಲ್ಲಿದವರನ್ನು ಕಂಡಿದ್ದ, ನಾಯಿ ಕಟ್ಟಿದವರನ್ನು ಕಂಡಿದ್ದ. ಇಸ್ತ್ರಿ ಮಾಡಿದವರನ್ನು ಕಂಡಿರಲಿಲ್ಲ. ಕೊನೆಗೆ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿ ಆಕೆಯ ಕಡೆ ತಿರುಗಿದ.

"ಆರು ಪೆಟ್ಟಿಗೆ ಹೋಯ್ತಮ್ಮ. ಉಳಿದದ್ದು ಚೆನ್ನಾಗಿದೆ. ಹೊಸದು ತರಿಸೋಕೆ ಒಂದು ತಿಂಗಳಾಗುತ್ತೆ. ಒಂದು ಕೆಲಸ ಮಾಡೋಣ. ಆ ಗೋಡೆಯಿಂದ ಶು‍ರು ಮಾಡಿ ಬಂದಷ್ಟು ಹಾಕ್ತೀನಿ. ಕಿಟಕಿ ಕಡೆ ಭಾಗ ಆಮೇಲೆ. ಈ ಮೆಷಿನ್ ಅಲ್ಲೀತನಕ ಇದ್ದಲ್ಲೇ ಇರಲಿ." ಇಷ್ಟು ಹೇಳಿ ಸಾಮಾನು ತರಲು ವ್ಯಾನಿನ ಕಡೆ ಹೋದ.

ಒಂದು ತಿಂಗಳು! ಮಾಸ್ಟರ್ ಗೆದ್ದಿದ್ದರು. ಗೆದ್ದ ಮುಖ ಕಾಣಬಾರದೆಂದು ಬಗ್ಗಿ ಬಾಗಿದ ಹಲಗೆಗಳನ್ನು ಜೋಡಿಸತೊಡಗಿದರು.

"ರೀ" ಎಂದರು ಆಕೆ. "ಇಲ್ಲಿ ನೋಡಿ. ಗೊತ್ತಿಲ್ದೆ ಮಾಡಿದ್ರೋ, ಬೇಕಂತ ಮಾಡಿದ್ರೋ? ಒಂದು ಸಲ ನಿಜ ಹೇಳಿ."

ಮಾಸ್ಟರ್ ಬಾಯಿ ತೆರೆದರು. ಬೇರೆ ಯಾರೇ ಕೇಳಿದ್ದರೂ ಉತ್ತರ ಹೊಲಿದು, ಇಸ್ತ್ರಿ ಹಾಕಿ, ಮಡಿಚಿ ಸಿದ್ಧವಿರುತ್ತಿತ್ತು. ಆಕೆಯ ಮುಖ ನೋಡಿದ ಮೇಲೆ ಅದು ಹೊರಡಲಿಲ್ಲ.

"ಮೊದಲನೇ ಪೆಟ್ಟಿಗೆ ಗೊತ್ತಿಲ್ದೆ ಮಾಡಿದೆ ಕಣೇ" ಎಂದರು. "ಮಾರನೇ ದಿನ ನೋಡಿದಾಗ ಅಂಚು ಎದ್ದಿತ್ತು."

"ಆಮೇಲೆ?"

"ಆಮೇಲೆ ಇನ್ನೈದು ಮಾಡಿದೆ."

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಮಾಸ್ಟರಿಗೆ ಸಮಾಧಾನವಾಗುತ್ತಿತ್ತು. ಕೂಗಾಟಕ್ಕೆ ಅವರಲ್ಲಿ ಮದ್ದಿತ್ತು. ಆಕೆ ಒಂದು ಪೆಟ್ಟಿಗೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಹಾಗಾದ್ರೆ ನಾನೂ ಹೇಳ್ತೀನಿ. ನಿಮ್ಮ ಹೊಲಿಗೆ ನೆಟ್ಟಗೆ ಬರ್ತಿಲ್ಲ. ಎರಡು ವರ್ಷ ಆಯ್ತು. ಗುಂಡಿ ಹಾಕೋಕೆ ಅಂತ ಒಳಗೆ ಕೊಡ್ತೀರಲ್ಲ, ಅದನ್ನೆಲ್ಲ ಬಿಚ್ಚಿ ಕೈಯಲ್ಲಿ ಹೊಲಿದು ಇಡ್ತಿದ್ದೀನಿ."

ಮಾಸ್ಟರಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವುದನ್ನ?"

"ಎಲ್ಲಾನೂ. ಮಧ್ಯಾಹ್ನ ನೀವು ಮಲಗಿದಾಗ. ಇನ್ನು ನನ್ನ ಕೈಲಿ ಆಗಲ್ಲ, ರೀ. ನನಗೂ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸೋಕೆ ಅರ್ಧ ಗಂಟೆ ಬೇಕು. ಅಂಗಡಿ ಮುಚ್ಚಿ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೆ ನೆಲ ಹಾಕ್ಸೋಣ ಅಂದೆ."

ಒಂದು ಮಾತು ಆಡಲಾರದೆ ಇಪ್ಪತ್ತೆಂಟು ಪೆಟ್ಟಿಗೆ ಓಕ್ ಮರ ತರಿಸಿದ ಹೆಂಗಸು. ಅದೇ ಮಾತು ಕೇಳಲಾರದೆ ಆರು ಪೆಟ್ಟಿಗೆಗೆ ಇಸ್ತ್ರಿ ಹಾಕಿದ ಗಂಡಸು. ಮದುವೆಯಾಗಿ ನಲವತ್ತೊಂದು ವರ್ಷ. ಇಂಥವರನ್ನು ಜನ ಅನ್ಯೋನ್ಯ ದಂಪತಿ ಅನ್ನುತ್ತಾರೆ.

ಮಾಸ್ಟರ್ ಎದ್ದು ಹ್ಯಾಂಗರಿನಿಂದ ಒಂದು ಪ್ಯಾಂಟು ತೆಗೆದರು. ಶಾಲೆಯ ಗುಮಾಸ್ತರದು, ಅಂದು ಒಯ್ಯಲು ಬರುವವರಿದ್ದರು. ಒಳಮಗ್ಗುಲು ಹೊರಗೆ ತಿರುಗಿಸಿ ಕಿಟಕಿಯ ಹತ್ತಿರ ಹೋದರು. ಬೇರೆ ದರ್ಜಿಯ ಕೆಲಸ ಕೈಗೆ ಸಿಕ್ಕರೆ ತಪ್ಪು ಹುಡುಕದೆ ಬಿಟ್ಟವರಲ್ಲ. ಈ ಊರಿನಲ್ಲಿ ಅವರ ಬಾಯಿಗೆ ಬೀಳದ ದರ್ಜಿ ಉಳಿದಿರಲಿಲ್ಲ. ಕಣ್ಣಿಗೆ ಸರಿಯಾಗಿ ಕಾಣದೆ ಉಗುರಿನಿಂದ ಹೊಲಿಗೆ ಎಳೆದು ನೋಡಿದರು. ಕಾಲಿನಂಚು, ಸೊಂಟದ ಪಟ್ಟಿ, ಜಿಪ್ಪಿನ ಬದಿ. ಒಂದೇ ಸಮನಾದ, ಬಿಗಿಯಾದ, ಸಣ್ಣ ಸಣ್ಣ ಕೈಹೊಲಿಗೆ. ಬೆರಳು ಎಲ್ಲೂ ಎಡವಲಿಲ್ಲ. ಎರಡು ವರ್ಷ ತಮ್ಮದೇ ಕೆಲಸ ಎಂದು ಹೆಮ್ಮೆಯಿಂದ ಕೊಟ್ಟು ಕಳಿಸಿದ್ದನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಅವಮಾನವೆಂದರೆ ಅವಮಾನ.

ಅಷ್ಟರಲ್ಲಿ ಗುಮಾಸ್ತರೇ ಬಂದರು. ಕೈಯಲ್ಲಿ ಇನ್ನೊಂದು ಚೀಲ.

"ಆಯ್ತಾ ಮಾಸ್ಟರ್?"

ಮಾಸ್ಟರ್ ಪ್ಯಾಂಟನ್ನು ಅವರ ಕೈಗಿಟ್ಟರು. "ಆಗಿದೆ. ಆದ್ರೆ ಇದನ್ನ ಹೊಲಿದಿದ್ದು ನಾನಲ್ಲ. ನಮ್ಮ ಮನೆಯವಳು."

"ಗೊತ್ತಲ್ಲ ಮಾಸ್ಟರ್" ಎಂದರು ಗುಮಾಸ್ತರು, ಇದರಲ್ಲೇನು ವಿಶೇಷ ಎಂಬಂತೆ. "ಅಮ್ಮನ ಕೈಹೊಲಿಗೆ ಬಿಚ್ಚೋದೇ ಇಲ್ಲ ಅಂತ ತಾನೇ ನಾವೆಲ್ಲ ಇಲ್ಲಿಗೆ ತರೋದು? ನೀವು ಬೇಜಾರು ಮಾಡ್ಕೋತೀರಿ ಅಂತ ಯಾರೂ ಹೇಳ್ತಿರಲಿಲ್ಲ ಅಷ್ಟೇ." ಚೀಲ ಮುಂದಕ್ಕೆ ಚಾಚಿದರು. "ಇದೊಂದು ಅಮ್ಮನಿಗೆ ಕೊಡಿ. ಅವಸರ ಏನಿಲ್ಲ."

ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಮಾಸ್ಟರ್ ಒಬ್ಬರೇ; ಅವರೋ ದಿನವಿಡೀ ಆ ಕೋಣೆಯಲ್ಲೇ ಕೂತಿದ್ದವರು. ಅವರು ಚೀಲ ನೋಡಿದರು. ತಿರುಗಿ ಪೆಟ್ಟಿಗೆಯ ಮೇಲೆ ಕೂತಿದ್ದ ಹೆಂಡತಿಯನ್ನು ನೋಡಿದರು. ಆಕೆ ಕಣ್ಣು ಕಿರಿದು ಮಾಡಿಕೊಂಡು ಇವರ ಕಡೆಯೇ ನೋಡುತ್ತಿದ್ದರು, ಆಗಷ್ಟೇ ಮಾಸ್ಟರಿಗೆ ಹೊಳೆಯಿತು, ಆಕೆ ಹಾಗೆ ಕಣ್ಣು ಕಿರಿದು ಮಾಡಿ ನೋಡುವುದು ಸಿಟ್ಟಿಗಲ್ಲ ಎಂದು.

"ಇಲ್ಲ" ಎಂದು ಚೀಲವನ್ನು ಹಿಂದಕ್ಕೆ ತಳ್ಳಿದರು. "ಅವಳಿಗೆ ಕಣ್ಣು ಕಾಣಿಸ್ತಿಲ್ಲ. ಇನ್ನು ಅವಳ ಹತ್ರ ಯಾರೂ ಏನೂ ತರಬೇಡಿ. ಬೀದೀಲಿ ಎಲ್ಲರಿಗೂ ಹೇಳಿಬಿಡಿ."

"ಅಯ್ಯೋ... ಹಾಗಾದ್ರೆ ಅಂಗಡಿ?"

"ಮುಚ್ಚಿದೆ."

ಗುಮಾಸ್ತರು ಪ್ಯಾಂಟು ಮಡಿಚಿಕೊಂಡು ಹೊರಟುಹೋದರು. ನೆಲದವನು ಸಾಮಾನು ಹೊತ್ತು ಒಳಗೆ ಬಂದು ಆಚೆ ಗೋಡೆಯ ಕಡೆ ಹೆಜ್ಜೆ ಹಾಕಿದ.

"ಅದಿರಲಿ, ಬನ್ನಿ ಇಲ್ಲಿ" ಎಂದರು ಮಾಸ್ಟರ್. "ಮೆಷಿನ್ ಆ ಕಡೆ ನೀವು ಹಿಡೀರಿ, ಈ ಕಡೆ ನಾನು. ಹೊರಗೆ ತೆಗೆಯೋಣ."

"ತಿಂಗಳು ಟೈಮಿದೆಯಲ್ಲ. ಈಗ್ಯಾಕೆ?"

"ಹಿಡೀರಿ ಅಂದೆ."

ಕತೆಗಳಲ್ಲಾದರೆ ಇಂಥ ಹೊತ್ತಿಗೆ ಮೆಷಿನ್ ಹೂವಿನ ಹಾಗೆ ಹಗುರವಾಗಿಬಿಡುತ್ತದೆ. ಇದು ಆಗಲಿಲ್ಲ. ಕಬ್ಬಿಣ ಕಬ್ಬಿಣದಷ್ಟೇ ಭಾರವಿತ್ತು. ಎರಡು ಸಲ ಎತ್ತಿದರು, ಎರಡು ಸಲ ಇಳಿಸಿದರು, ಮಾಸ್ಟರ ಸೊಂಟ ಲಟಕ್ಕೆಂದಿತು. ಮೂರನೇ ಸಲ ಆಕೆ ಪೆಟ್ಟಿಗೆಯಿಂದ ಎದ್ದು ಬಂದು ಒಂದು ಮೂಲೆಗೆ ಕೈ ಕೊಟ್ಟರು.

"ನಿನಗೆ ಕಣ್ಣು ಕಾಣಲ್ಲ, ಆ ಕಡೆ ಸರ್ಕೋ" ಎಂದರು ಮಾಸ್ಟರ್.

"ನಿಮಗೆ ಬಹಳ ಕಾಣುತ್ತೆ ಪಾಪ" ಎಂದರು ಆಕೆ. "ಹೊಸ್ತಿಲು ನೋಡ್ಕೊಂಡು ಕಾಲಿಡಿ."